ಲೆಕ್ಕದ ಗುಳಿಗೆ

ನಮ್ಮ ಕಡೆ ಮಾತ್ರೆಗೆ ಗುಳಿಗೆ ಅನ್ನುತ್ತೇವೆ. ಜ್ವರದ ಗುಳಿಗೆ, ನೋವಿನ ಗುಳಿಗೆ, ನಿದ್ದೆ ಗುಳಿಗೆ... ಇವು ಕೊಪ್ಪಳದ ಯಾವ ಹಳ್ಳಿಯ ಅಜ್ಜಿಗೂ ಗೊತ್ತು. ಆದರೆ ‘ಲೆಕ್ಕದ ಗುಳಿಗೆ’ ಅಂತ ಒಂದಿತ್ತು ಅಂದರೆ ನಗುತ್ತೀರೇನೋ. ನಿಜವಾಗಿಯೂ ಇತ್ತು. ಆ ಹೆಸರಿಟ್ಟವರು ಡಾಕ್ಟರಲ್ಲ, ಔಷಧಿ ಕಂಪನಿಯವರೂ ಅಲ್ಲ, ಅದನ್ನು ನುಂಗಿದ ಮಕ್ಕಳೇ. ಈ ಬರಹ ಆ ಗುಳಿಗೆಯ ಚರಿತ್ರೆ. ಜೊತೆಗೆ, ಅದು ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗೆ ಬರೋದಕ್ಕೆ ಯಾಕಿಷ್ಟು ತಡ ಮಾಡಿತು ಅನ್ನೋದರ ಚರಿತ್ರೆ ಕೂಡ. ಸ್ವಲ್ಪ ಉದ್ದ ಇದೆ, ಚಹಾ ಇಟ್ಟುಕೊಂಡು ಕೂತರೆ ಒಳ್ಳೆಯದು :)

ಮೊದಲು ಒಂದು ಪದದ ವಿಷಯ. ಉಡಾಳ. ಧಾರವಾಡದಿಂದ ರಾಯಚೂರಿನ ತನಕ ಈ ಪದ ಬಳಸದ ಮಾಸ್ತರು ಸಿಗಲಿಕ್ಕಿಲ್ಲ. ಬೆಂಗಳೂರು ಕಡೆಯ ‘ತುಂಟ’ ಅನ್ನೋದರಲ್ಲಿ ಒಂಚೂರು ಮುದ್ದು ಇದೆ. ಉಡಾಳದಲ್ಲಿ ಮುದ್ದಿಲ್ಲ, ತೀರ್ಪು ಇದೆ. ಒಂದು ಕಡೆ ಕೂರದ, ಹೇಳಿದ್ದು ಕೇಳದ, ಪಾಟಿ ಕಳೆದುಕೊಂಡು ಬರುವ, ಉತ್ತರ ಗೊತ್ತಿದ್ದರೂ ಪ್ರಶ್ನೆ ಮುಗಿಯೋ ಮೊದಲೇ ಒದರುವ ಹುಡುಗ ಉಡಾಳ. ಅಲ್ಲಿಗೆ ಕೇಸು ಮುಗಿಯಿತು.

ನನಗೆ ಈ ವಿಷಯ ಅಂಟಿಕೊಂಡಿದ್ದು ನಮ್ಮ ಅಕ್ಕನ ಮಗನಿಂದ. ಕುಷ್ಟಗಿ ತಾಲ್ಲೂಕಿನ ಒಂದು ಊರಲ್ಲಿ ಓದುವ ಹುಡುಗ, ಎರಡನೇ ಇಯತ್ತೆಯಲ್ಲೇ ಉಡಾಳ ಪಟ್ಟ ಕಟ್ಟಿಸಿಕೊಂಡವನು. ಅದರ ಜೊತೆಗೆ ಕಣ್ಣು ಪಿಳಿಪಿಳಿ ಮಿಟುಕಿಸೋದು, ಒಂದು ಹೆಗಲು ಜಗ್ಗಿ ಎತ್ತೋದು, ಗಂಟಲಲ್ಲಿ ‘ಹ್ಞುಂ ಹ್ಞುಂ’ ಅನ್ನೋದು ಶುರುವಾಯಿತು. ‘ಏನೋ ಚಟ ಹತ್ತೇತಿ ತಮ್ಮಾ, ಬೈದರ ಇನ್ನೂ ಜಾಸ್ತಿ ಮಾಡ್ತಾನ’ ಅಂತ ಅಕ್ಕ ಫೋನು ಮಾಡಿದಳು. ಹುಲಿಗೆಮ್ಮಗೆ ಹರಕೆ ಆಯಿತು, ತಾಯತ ಆಯಿತು. ಆಮೇಲೆ ದೊಡ್ಡ ಊರಿನ ಒಂದು ಆಸ್ಪತ್ರೆಗೆ ಕರಕೊಂಡು ಹೋದೆವು. ಎಡಿಎಚ್‌ಡಿ ಮತ್ತು ಟಿಕ್ಸ್, ಎರಡೂ ಇವೆ ಅಂದರು. ಎಡಿಎಚ್‌ಡಿಗೆ ಒಳ್ಳೆಯ ಔಷಧ ಇದೆ, ಆದರೆ ಟಿಕ್ಸ್ ಇರೋದರಿಂದ ಅದನ್ನು ಕೊಡೋದಕ್ಕೆ ಬರೋದಿಲ್ಲ ಅಂದರು. ಎರಡು ನಿಮಿಷದ ಮಾತು, ಮುಂದಿನ ಪೇಷಂಟು ಒಳಗೆ ಬಂದಾಯಿತು. ‘ಬರೋದಿಲ್ಲ’ ಅನ್ನೋ ಆ ಮಾತು ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದದ್ದೇ ಈ ಲೇಖನ.

ಕಥೆ ಶುರುವಾಗೋದು ಅಮೆರಿಕದ ರೋಡ್ ಐಲೆಂಡ್ ಅನ್ನೋ ಪುಟ್ಟ ರಾಜ್ಯದಲ್ಲಿ. ಜಾರ್ಜ್ ಬ್ರಾಡ್ಲಿ ಅನ್ನುವ ಸಾಹುಕಾರನ ಒಬ್ಬಳೇ ಮಗಳು ಎಮಾಗೆ ಚಿಕ್ಕಂದಿನಲ್ಲಿ ಮೆದುಳಿನ ಉರಿಯೂತ ಬಂದು ಬುದ್ಧಿಗೆ ಪೆಟ್ಟಾಯಿತು. ಅವಳ ಹೆಸರಲ್ಲಿ, ಅವನು ಬಿಟ್ಟುಹೋದ ಆಸ್ತಿಯಲ್ಲಿ, 1931ರಲ್ಲಿ ಮಕ್ಕಳಿಗಾಗಿ ಒಂದು ಆಸ್ಪತ್ರೆ ತೆರೆಯಿತು. ಮುಂದೆ ಅದನ್ನು ನಡೆಸಿದವರು ಅದೇ ಮನೆತನದ ಡಾ. ಚಾರ್ಲ್ಸ್ ಬ್ರಾಡ್ಲಿ. ಆಗ ಸ್ಕ್ಯಾನ್ ಇರಲಿಲ್ಲ. ಮೆದುಳಿನ ಎಕ್ಸ್‌ರೇ ತೆಗೀಬೇಕು ಅಂದರೆ ಬೆನ್ನುಹುರಿಯ ನೀರು ಹೊರತೆಗೆದು, ಆ ಜಾಗಕ್ಕೆ ಗಾಳಿ ತುಂಬುತ್ತಿದ್ದರು. ಆಮೇಲೆ ಮಕ್ಕಳಿಗೆ ತಲೆ ಸೀಳಿಹೋಗುವಂಥ ನೋವು. ಆ ನೀರು ಬೇಗ ಮತ್ತೆ ತುಂಬಲಿ ಅಂತ ಬ್ರಾಡ್ಲಿ ಬೆಂಜೆಡ್ರಿನ್ ಕೊಟ್ಟು ನೋಡಿದರು. ಬೆಂಜೆಡ್ರಿನ್ ಅಂದರೆ ಆಂಫೆಟಮಿನ್, 1887ರಲ್ಲೇ ಬರ್ಲಿನ್ನಿನಲ್ಲಿ ಲಜಾರ್ ಎಡೆಲಿಯಾನು ಅನ್ನುವ ರೊಮೇನಿಯಾದ ರಸಾಯನ ವಿಜ್ಞಾನಿ ತಯಾರಿಸಿ, ಯಾವ ಉಪಯೋಗಕ್ಕೂ ಬಾರದೆ ಬಿದ್ದಿದ್ದ ವಸ್ತು. 1930ರ ದಶಕದ ಹೊತ್ತಿಗೆ ಮೂಗು ಕಟ್ಟಿದಾಗ ಸೇದುವ ಔಷಧವಾಗಿ ಅಂಗಡಿಯಲ್ಲಿ ಸಿಗುತ್ತಿತ್ತು.

ತಲೆನೋವು ಹೋಗಲಿಲ್ಲ. ಆದರೆ ಶಾಲೆಯಲ್ಲಿ ಒಂದು ವಿಚಿತ್ರ ಆಯಿತು. ಕೂರದ ಮಕ್ಕಳು ಕೂತರು. ಅರ್ಧಕ್ಕೆ ಬಿಡುತ್ತಿದ್ದ ಲೆಕ್ಕ ಪೂರ್ತಿ ಮಾಡಿದರು. 1937ರಲ್ಲಿ ಬ್ರಾಡ್ಲಿ ಅಚ್ಚು ಮಾಡಿಸಿದ ವರದಿಯಲ್ಲಿ ಇದ್ದದ್ದು 30 ಮಕ್ಕಳು. ಒಂದು ವಾರ ಔಷಧ ಕೊಟ್ಟರೆ ಅವರಲ್ಲಿ 14 ಮಕ್ಕಳ ಓದಿನಲ್ಲಿ ಕಣ್ಣಿಗೆ ಹೊಡೆಯುವಷ್ಟು ಬದಲಾವಣೆ. ಕೊಟ್ಟ ದಿನವೇ ಬರುತ್ತಿತ್ತು, ನಿಲ್ಲಿಸಿದ ದಿನವೇ ಹೋಗುತ್ತಿತ್ತು. ಮಕ್ಕಳು ತಾವಾಗಿಯೇ ಇದಕ್ಕೆ ಲೆಕ್ಕದ ಗುಳಿಗೆ ಅಂತ ಹೆಸರಿಟ್ಟರು. ನಿದ್ದೆಗೆಡಿಸುವ, ಚುರುಕು ಹುಟ್ಟಿಸುವ ಔಷಧ ಚಂಚಲ ಮಗುವನ್ನು ಶಾಂತ ಮಾಡುತ್ತೆ ಅನ್ನೋದು ಬ್ರಾಡ್ಲಿಗೇ ಒಗಟಾಗಿತ್ತು.

ಇಷ್ಟು ದೊಡ್ಡ ಸಂಗತಿಯನ್ನು ವೈದ್ಯಲೋಕ ಸುಮಾರು 25 ವರ್ಷ ಹೆಚ್ಚುಕಡಿಮೆ ಮರೆತೇ ಬಿಟ್ಟಿತು. ಮಕ್ಕಳ ಮನಸ್ಸಿನ ತೊಂದರೆಗೆಲ್ಲ ತಾಯಿ-ತಂದೆಯೇ ಕಾರಣ ಅನ್ನುವ ಮಾತು ಆಗ ಜೋರಾಗಿತ್ತು. (ಈಗಲೂ ನಮ್ಮೂರಲ್ಲಿ ಜೋರಾಗೇ ಇದೆ, ಅದರಲ್ಲೂ ತಾಯಿಯೇ ಕಾರಣ ಅನ್ನೋದು.)

ಅಷ್ಟರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಇನ್ನೊಂದು ಗುಳಿಗೆ ಹುಟ್ಟಿತು. 1944ರಲ್ಲಿ ಸೀಬಾ ಕಂಪನಿಯ ಲಿಯಾಂಡ್ರೊ ಪಾನಿಜೊನ್ ಮಿಥೈಲ್‌ಫೆನಿಡೇಟ್ ತಯಾರಿಸಿದರು. ಅವರ ಹೆಂಡತಿ ಮಾರ್ಗರೀಟಾಗೆ ರಕ್ತದೊತ್ತಡ ಕಡಿಮೆ. ಟೆನಿಸ್ ಆಡುವ ಮೊದಲು ಇದನ್ನು ತಗೊಂಡರೆ ಆಟ ಚೆನ್ನಾಗಿ ಬರುತ್ತೆ ಅಂದರಂತೆ. ಮನೆಯಲ್ಲಿ ಅವರನ್ನು ರೀಟಾ ಅಂತ ಕರೆಯುತ್ತಿದ್ದರು, ಗುಳಿಗೆ ರಿಟಾಲಿನ್ ಆಯಿತು. 1954ರಲ್ಲಿ ಮಾರುಕಟ್ಟೆಗೆ ಬಂದಾಗ ಅದು ಮಕ್ಕಳ ಔಷಧವೇ ಆಗಿರಲಿಲ್ಲ. ದಣಿವು, ಮಂಕುತನ ಇರುವ ದೊಡ್ಡವರಿಗಾಗಿ ಬಂದದ್ದು. 1963ರಲ್ಲಿ ಅಮೆರಿಕದ ಕೀತ್ ಕಾನರ್ಸ್ ಮತ್ತು ಲಿಯಾನ್ ಐಸೆನ್‌ಬರ್ಗ್ ಮಕ್ಕಳ ಮೇಲೆ ಅದನ್ನು ಸರಿಯಾಗಿ ಪರೀಕ್ಷೆ ಮಾಡಿ ನೋಡಿದ ಮೇಲೆ ಅದರ ದಾರಿ ಬದಲಾಯಿತು.

ಒಗಟಿನ ವಿಷಯ ಹೇಳಿದೆನಲ್ಲ, ಅದಕ್ಕೆ 1978ರಲ್ಲಿ ಜುಡಿತ್ ರಾಪೊಪೋರ್ಟ್ ಅನ್ನುವ ವೈದ್ಯೆ ಒಂದು ಉತ್ತರ ಕೊಟ್ಟರು. ಯಾವ ತೊಂದರೆಯೂ ಇಲ್ಲದ 14 ಹುಡುಗರಿಗೆ ಆಂಫೆಟಮಿನ್ ಜಾತಿಯ ಔಷಧವನ್ನು ಒಂದೊಂದೇ ಸಲ ಕೊಟ್ಟು ನೋಡಿದರು. ಅವರ ಓಡಾಟವೂ ಕಡಿಮೆಯಾಯಿತು, ಗಮನವೂ ಹೆಚ್ಚಿತು! ಅಂದರೆ ಇದೇನೂ ಉಲ್ಟಾ ಕೆಲಸ ಮಾಡುವ ಮಾಯೆ ಅಲ್ಲ. ಮೆದುಳಿನಲ್ಲಿ ಡೋಪಮಿನ್, ನೊರಾಡ್ರಿನಲಿನ್ ಅನ್ನುವ ಎರಡು ರಾಸಾಯನಿಕಗಳು ಬೇಗ ವಾಪಸು ಹೀರಿಹೋಗದಂತೆ ಈ ಔಷಧ ತಡೆಯುತ್ತದೆ, ಹಿಡಿದ ಕೆಲಸ ಬಿಡದಂತೆ ನೋಡಿಕೊಳ್ಳುವ ಭಾಗಕ್ಕೆ ಬಲ ಬರುತ್ತದೆ, ಅಷ್ಟೇ. ಇದರಿಂದ ಇನ್ನೊಂದೂ ಗೊತ್ತಾಗುತ್ತೆ. ಗುಳಿಗೆ ಕೊಟ್ಟಾಗ ಹುಡುಗ ಸುಮ್ಮನೆ ಕೂತ, ಅದಕ್ಕೇ ಅವನಿಗೆ ಕಾಯಿಲೆ ಇತ್ತು ಅಂತ ಸಾಧಿಸೋದಕ್ಕೆ ಬರೋದಿಲ್ಲ. ಕಾಯಿಲೆ ಹೌದೋ ಅಲ್ಲವೋ ಅನ್ನೋದನ್ನು ಮೊದಲೇ, ಮನೆಯವರನ್ನೂ ಮಾಸ್ತರನ್ನೂ ಕೇಳಿ, ನಿಧಾನಕ್ಕೆ ತೀರ್ಮಾನ ಮಾಡಬೇಕು.

ಈಗ ಟಿಕ್ಸ್ ಕಡೆಗೆ ಬರೋಣ. 1885ರಲ್ಲಿ ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ಜಾರ್ಜ್ ಜಿಲ್ ಡಿ ಲಾ ಟುರೆಟ್ 9 ರೋಗಿಗಳ ಬಗ್ಗೆ ಬರೆದರು. ತಾವಾಗಿಯೇ ಮುಖ, ಕೈ, ಹೆಗಲು ಸೆಳೆಯೋದು, ಸದ್ದು ಹೊರಡಿಸೋದು, ಕೆಲವರು ಬೈಗುಳ ಒದರೋದು. ಅವರ ಗುರು ಶಾರ್ಕೊ ಇದಕ್ಕೆ ಶಿಷ್ಯನ ಹೆಸರನ್ನೇ ಇಟ್ಟರು. (ಪಾಪ, ಈ ಟುರೆಟ್‌ಗೆ 1893ರಲ್ಲಿ ಒಬ್ಬ ರೋಗಿಯೇ ಗುಂಡು ಹೊಡೆದಳು. ಬದುಕಿದರು.) ಸುಮಾರು ಮುಕ್ಕಾಲು ಶತಮಾನ ಇದಕ್ಕೆ ಔಷಧವೇ ಇರಲಿಲ್ಲ. 1958ರಲ್ಲಿ ಬೆಲ್ಜಿಯಮ್ಮಿನ ಪಾಲ್ ಯಾನ್ಸೆನ್ ಅವರ ಪ್ರಯೋಗಶಾಲೆಯಲ್ಲಿ ಹ್ಯಾಲೊಪೆರಿಡಾಲ್ ಹುಟ್ಟಿತು, 1961ರಲ್ಲಿ ಫ್ರಾನ್ಸಿನಲ್ಲಿ ಅದು ಟಿಕ್ಸ್ ತಗ್ಗಿಸಿದ ವರದಿ ಬಂತು. ನ್ಯೂಯಾರ್ಕಿನ ಶಪೀರೊ ದಂಪತಿ 1968ರಲ್ಲಿ, ಇದು ಮನಸ್ಸಿನ ಗಂಟೂ ಅಲ್ಲ, ತಾಯಿಯ ತಪ್ಪೂ ಅಲ್ಲ, ಮೆದುಳಿನ ತೊಂದರೆ ಅಂತ ವಾದ ಮಾಡಿದರು.

ಇಲ್ಲೇ ಗಂಟು ಬಿದ್ದದ್ದು. ಹ್ಯಾಲೊಪೆರಿಡಾಲ್ ಕೆಲಸ ಮಾಡೋದು ಡೋಪಮಿನ್ನಿಗೆ ಅಡ್ಡ ನಿಂತು. ಲೆಕ್ಕದ ಗುಳಿಗೆ ಕೆಲಸ ಮಾಡೋದು ಅದೇ ಡೋಪಮಿನ್ ಹೆಚ್ಚಿಸಿ. ಹಾಗಾದರೆ ಒಂದು ಟಿಕ್ಸ್ ಇಳಿಸಿದರೆ ಇನ್ನೊಂದು ಏರಿಸಲೇಬೇಕಲ್ಲ? ಕಾಗದದ ಮೇಲೆ ಲೆಕ್ಕ ಸರಿಯಾಗಿತ್ತು. 1974ರಲ್ಲಿ, ಮಿಥೈಲ್‌ಫೆನಿಡೇಟ್ ತಗೊಂಡ ಮೇಲೆ ಟುರೆಟ್ ಕಾಣಿಸಿಕೊಂಡ ಒಬ್ಬ ಹುಡುಗನ ವರದಿ ಬಂತು. 1976ರಲ್ಲಿ ಇನ್ನೊಂದು, 1520 ಮಕ್ಕಳಲ್ಲಿ 20 ಮಂದಿಗೆ ಟಿಕ್ಸ್ ಹೊಸದಾಗಿ ಬಂದವು ಅಥವಾ ಹೆಚ್ಚಿದವು ಅಂತ. ನೂರಕ್ಕೆ ಒಂದೂ ಚಿಲ್ಲರೆ. 1982ರಲ್ಲಿ ಯೇಲ್ ವಿಶ್ವವಿದ್ಯಾಲಯದ ವೈದ್ಯರು 15 ಮಕ್ಕಳ ಕಥೆ ಬರೆದು ಎಚ್ಚರಿಕೆ ಕೊಟ್ಟರು. ಅಮೆರಿಕದಲ್ಲಿ ಔಷಧದ ಲೇಬಲ್ಲಿನ ಮೇಲೆ, ಟಿಕ್ಸ್ ಇರುವವರಿಗೂ, ಟುರೆಟ್ ಇರುವ ಮನೆತನದವರಿಗೂ ಕೊಡಬಾರದು ಅನ್ನುವ ಸಾಲು ಬಂತು. ಪಠ್ಯಪುಸ್ತಕಕ್ಕೆ ಹೋಯಿತು. ಆ ಪುಸ್ತಕ ಓದಿದವರು ನಮ್ಮ ದೇಶದಲ್ಲೂ ಡಾಕ್ಟರಾದರು.

ಆ ವರದಿಗಳಲ್ಲಿ ಒಂದು ಕೊರತೆ ಇತ್ತು. ಹೋಲಿಸಿ ನೋಡೋದಕ್ಕೆ ಗುಳಿಗೆ ತಗೊಳ್ಳದ ಮಕ್ಕಳು ಇರಲಿಲ್ಲ. ಟಿಕ್ಸ್ ಸಾಮಾನ್ಯವಾಗಿ ಶುರುವಾಗೋದು ಐದರಿಂದ ಏಳು ವರ್ಷದಲ್ಲಿ. ಉಡಾಳತನ ಮಾಸ್ತರ ಕಣ್ಣಿಗೆ ಬಿದ್ದು, ಡಾಕ್ಟರ ತನಕ ಹೋಗಿ, ಗುಳಿಗೆ ಶುರುವಾಗೋದೂ ಸುಮಾರು ಅದೇ ವಯಸ್ಸಿನಲ್ಲಿ. ಟುರೆಟ್ ಇರುವ ಮಕ್ಕಳಲ್ಲಿ ಅರ್ಧದಷ್ಟು ಅಥವಾ ಇನ್ನೂ ಹೆಚ್ಚು ಮಂದಿಗೆ ಎಡಿಎಚ್‌ಡಿಯೂ ಇರುತ್ತದೆ. ಇನ್ನು ಟಿಕ್ಸ್ ಸ್ವಭಾವವೇ ಹೊಳೆಯ ಹಾಗೆ, ಒಂದು ತಿಂಗಳು ಏರು, ಒಂದು ತಿಂಗಳು ಇಳಿ. ಗುಳಿಗೆ ಕೊಟ್ಟ ಮರುವಾರ ಏರಿದರೆ ಗುಳಿಗೆ ಮೇಲೆ ಗೂಬೆ ಕೂರಿಸೋದು ಸುಲಭ.

ಸರಿಯಾದ ಪರೀಕ್ಷೆ ಬಂದದ್ದು 2002ರಲ್ಲಿ. ಎಡಿಎಚ್‌ಡಿ ಮತ್ತು ಟಿಕ್ಸ್ ಎರಡೂ ಇರುವ 136 ಮಕ್ಕಳು, 16 ವಾರ. ಕೆಲವರಿಗೆ ಮಿಥೈಲ್‌ಫೆನಿಡೇಟ್, ಕೆಲವರಿಗೆ ಕ್ಲೊನಿಡಿನ್, ಕೆಲವರಿಗೆ ಎರಡೂ, ಕೆಲವರಿಗೆ ಬರೀ ಸಕ್ಕರೆ ಗುಳಿಗೆ. ಟಿಕ್ಸ್ ಹೆಚ್ಚಾಯಿತು ಅಂದವರು ಮಿಥೈಲ್‌ಫೆನಿಡೇಟ್ ಗುಂಪಿನಲ್ಲಿ ನೂರಕ್ಕೆ 20, ಕ್ಲೊನಿಡಿನ್‌ನಲ್ಲಿ 26, ಸಕ್ಕರೆ ಗುಳಿಗೆಯಲ್ಲಿ 22! ಸಕ್ಕರೆ ಗುಳಿಗೆಗಿಂತ ಒಂಚೂರೂ ಹೆಚ್ಚಿಲ್ಲ. 2015ರಲ್ಲಿ ಇಂಥ 22 ಅಧ್ಯಯನ, 2385 ಮಕ್ಕಳನ್ನು ಕೂಡಿಸಿ ನೋಡಿದಾಗಲೂ ಅದೇ ಕಥೆ. ಉತ್ತೇಜಕ ತಗೊಂಡವರಲ್ಲಿ ಹೊಸದಾಗಿ ಬಂದ ಅಥವಾ ಹೆಚ್ಚಾದ ಟಿಕ್ಸ್ ನೂರಕ್ಕೆ 5.7, ಸಕ್ಕರೆ ಗುಳಿಗೆಯವರಲ್ಲಿ 6.5. ಇದು ಸರಾಸರಿ ಲೆಕ್ಕ ಅನ್ನೋದು ನೆನಪಿರಲಿ. ಒಂದೊಂದು ಮಗುವಿಗೆ ನಿಜವಾಗಿಯೂ ಹೆಚ್ಚಾಗಬಹುದು, ಆಗ ಡಾಕ್ಟರು ಡೋಸು ಇಳಿಸುತ್ತಾರೆ ಅಥವಾ ಬದಲಿಸುತ್ತಾರೆ. ಅಮೆರಿಕದ ಲೇಬಲ್ಲಿನಲ್ಲೂ ಈಗ ‘ಕೊಡಬೇಡಿ’ ಅನ್ನೋದು ಹೋಗಿ, ಮೊದಲು ಟಿಕ್ಸ್ ಇದೆಯೇ ನೋಡಿ, ಆಮೇಲೂ ನಿಗಾ ಇಡಿ ಅನ್ನುವಷ್ಟಕ್ಕೆ ಬಂದಿದೆ.

ಇದೆಲ್ಲ ಓದಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು. ನಮ್ಮ ಸೀಮೆಗೆ ಈ ಗುಳಿಗೆ ಬರೋ ಮೊದಲೇ ಅದರ ಭಯ ಬಂದು ಕೂತಿತ್ತು. ಭಯಕ್ಕೆ ಲೈಸೆನ್ಸು ಬೇಡವಲ್ಲ. ಗುಳಿಗೆ ಯಾಕೆ ಬರಲಿಲ್ಲ ಅನ್ನೋದಕ್ಕೆ ನಮ್ಮ ಜಿಲ್ಲೆಯ ನಕ್ಷೆ ನೋಡಬೇಕು.

1956ಕ್ಕೆ ಮುಂಚಿನ ನಕ್ಷೆ ಕಣ್ಣ ಮುಂದೆ ತಂದುಕೊಳ್ಳಿ. ಪಶ್ಚಿಮಕ್ಕೆ ಧಾರವಾಡ, ಅದು ಮುಂಬಯಿ ಪ್ರಾಂತ್ಯ. ಅಲ್ಲಿ ಬ್ರಿಟಿಷರು 1845ರಲ್ಲೇ ಹುಚ್ಚಾಸ್ಪತ್ರೆ ಕಟ್ಟಿದ್ದರು. (ಅಂದ ಹಾಗೆ, ಅದೇ 1845ರಲ್ಲಿ ಜರ್ಮನಿಯ ಹೈನ್‌ರಿಖ್ ಹಾಫ್‌ಮನ್ ಅನ್ನುವ ಡಾಕ್ಟರು ತಮ್ಮ ಮಗನಿಗಾಗಿ ಬರೆದ ಚಿತ್ರಪುಸ್ತಕ ಅಚ್ಚಾಯಿತು. ಊಟದ ಮೇಜಿನ ಹತ್ತಿರ ಸುಮ್ಮನೆ ಕೂರದೆ, ಮೇಜಿನ ಬಟ್ಟೆ ಸಮೇತ ಬೀಳುವ ಫಿಲಿಪ್ ಅನ್ನೋ ಹುಡುಗನ ಪದ್ಯ ಅದರ ಮರುಮುದ್ರಣದಲ್ಲಿ ಸೇರಿತು. ಫಿಲಿಪ್ ನಮ್ಮ ಕಡೆ ಹುಟ್ಟಿದ್ದರೆ ಅವನೂ ಉಡಾಳನೇ.) ದಕ್ಷಿಣಕ್ಕೆ ಹೊಳೆ ದಾಟಿದರೆ ಬಳ್ಳಾರಿ, ಅದು 1953ರ ತನಕ ಮದರಾಸು. ಇನ್ನೂ ಕೆಳಗೆ ಮೈಸೂರು ಸಂಸ್ಥಾನದ ಬೆಂಗಳೂರು. ಅಲ್ಲಿನ ಮಾನಸಿಕ ಆಸ್ಪತ್ರೆಯ ಜೊತೆಗೆ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು, 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಇವುಗಳ ನಡುವೆ ನಾವು, ನಿಜಾಮನ ರಾಯಚೂರು ಜಿಲ್ಲೆ. ಅದರಲ್ಲೂ ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗ್ ಜಹಗೀರು. ಸುತ್ತಲೂ ಬೇರೆಯವರ ಸೀಮೆ, ಬೇರೆಯವರ ಆಸ್ಪತ್ರೆ. ‘ಇವನನ್ನ ಧಾರವಾಡಕ್ಕ ಕಳಸಬೇಕು’ ಅನ್ನೋ ಮಾತು ಮಾತ್ರ ಗಡಿ ದಾಟಿ ಬಂತು. ಈಗಲೂ ನಮ್ಮೂರಲ್ಲಿ ಮಗುವನ್ನು ಮನೋವೈದ್ಯರಿಗೆ ತೋರಿಸೋಣ ಅಂದರೆ ಅಜ್ಜಿಯ ಬಾಯಲ್ಲಿ ಮೊದಲು ಬರೋದು ಅದೇ.

1985ರಲ್ಲಿ ಇಡೀ ದೇಶ ತಿರುಗಿ ನೋಡುವಂಥ ಕೆಲಸ ನಮ್ಮ ಪಕ್ಕದಲ್ಲೇ ಶುರುವಾಯಿತು. ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನಸ್ಸಿನ ಕಾಯಿಲೆಗೆ ಹಳ್ಳಿಯಲ್ಲೇ ಔಷಧ ಸಿಗುವ ಹಾಗೆ ಮಾಡಿದರು. ಅದೇ ಮುಂದೆ ‘ಬಳ್ಳಾರಿ ಮಾದರಿ’ ಅನ್ನಿಸಿಕೊಂಡು, 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅಡಿಪಾಯ ಆಯಿತು. ತುಂಗಭದ್ರಾ ಡ್ಯಾಮಿನ ಆ ತುದಿ ಹೊಸಪೇಟೆ, ಆಗ ಬಳ್ಳಾರಿ ಜಿಲ್ಲೆ. ಈ ತುದಿ ಮುನಿರಾಬಾದು, ಆಗ ರಾಯಚೂರು ಜಿಲ್ಲೆ. ಕಾರ್ಯಕ್ರಮದ ಗಡಿ ಹೊಳೆಯಲ್ಲೇ ಮುಗಿಯುತ್ತಿತ್ತು. ನಾವು ಸ್ವಂತ ಜಿಲ್ಲೆಯಾಗಿದ್ದು 1997ರಲ್ಲಿ.

ಹೊಳೆ ದಾಟಿದ್ದರೂ ನಮ್ಮ ಉಡಾಳರಿಗೆ ಏನೂ ಸಿಗುತ್ತಿರಲಿಲ್ಲ ಅನ್ನೋದು ಬೇರೆ ಮಾತು. ಆ ಯೋಜನೆ ಮೊದಲು ಹಿಡಿದದ್ದು ತೀವ್ರ ಮಾನಸಿಕ ಕಾಯಿಲೆ, ಮೂರ್ಛೆರೋಗ, ಬುದ್ಧಿಮಾಂದ್ಯತೆ. ಅದು ತಪ್ಪಲ್ಲ, ಸರಪಳಿಯಲ್ಲಿ ಕಟ್ಟಿಹಾಕಿದವರು ಇರುವಾಗ ಕಣ್ಣು ಮಿಟುಕಿಸುವ ಹುಡುಗನ ಸರದಿ ಆಮೇಲೆಯೇ. ಔಷಧಿ ಡಬ್ಬಿಯಲ್ಲಿ ಇದ್ದದ್ದು ಕ್ಲೋರ್‌ಪ್ರೊಮಜೀನ್, ಇಮಿಪ್ರಮೀನ್, ಫಿನೋಬಾರ್ಬಿಟೋನ್ ಥರದ ಬೆರಳೆಣಿಕೆಯ ಔಷಧಗಳು. ಉತ್ತೇಜಕದ ಮಾತೇ ಇಲ್ಲ. ಇದರಲ್ಲೊಂದು ವಿಪರ್ಯಾಸ ನೋಡಿ. ಮೂರ್ಛೆಗೆ ಕೊಡುವ ಫಿನೋಬಾರ್ಬಿಟೋನ್ ಕೆಲವು ಮಕ್ಕಳಲ್ಲಿ ಚಂಚಲತೆ ಹೆಚ್ಚಿಸುತ್ತದೆ. ಸರಕಾರಿ ಡಬ್ಬಿಯಲ್ಲಿ ಉಡಾಳತನ ಏರಿಸುವ ಗುಳಿಗೆ ಇತ್ತು, ಇಳಿಸುವ ಗುಳಿಗೆ ಇರಲಿಲ್ಲ!

ಇದೆಲ್ಲ ಪಟ್ಟಣದ ಕಾಯಿಲೆ, ಟಿವಿ-ಮೊಬೈಲ್ ಕಾಯಿಲೆ ಅನ್ನುವವರಿಗೆ ಒಂದು ಮಾತು. ನಿಮ್ಹಾನ್ಸ್‌ನ ಶೋಭಾ ಶ್ರೀನಾಥ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೆಂಗಳೂರಿನ ಮಧ್ಯಮ ವರ್ಗ, ಕೊಳೆಗೇರಿ, ಸುತ್ತಲಿನ ಹಳ್ಳಿ ಮೂರೂ ಕಡೆಯ 2064 ಮಕ್ಕಳನ್ನು ನೋಡಿದ್ದಾರೆ. ನೂರಕ್ಕೆ 12.5 ಮಕ್ಕಳಲ್ಲಿ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಹಳ್ಳಿಗೂ ಪಟ್ಟಣಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ.

ಗುಳಿಗೆ ಬಾರದ ಇನ್ನೊಂದು ಕಾರಣ ಕಾನೂನು. 1971ರಲ್ಲಿ ವಿಯೆನ್ನಾದಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದ ಆಂಫೆಟಮಿನ್, ಮಿಥೈಲ್‌ಫೆನಿಡೇಟ್ ಎರಡನ್ನೂ ಕಟ್ಟುನಿಟ್ಟಿನ ಪಟ್ಟಿಗೆ ಸೇರಿಸಿತು. ಯುದ್ಧಕಾಲದಲ್ಲಿ ಸೈನಿಕರಿಗೆ, ಆಮೇಲೆ ತೂಕ ಇಳಿಸುವವರಿಗೆ, ರಾತ್ರಿ ಲಾರಿ ಓಡಿಸುವವರಿಗೆ ಸಿಕ್ಕಸಿಕ್ಕಂತೆ ಹಂಚಿದ ಆಂಫೆಟಮಿನ್ನಿನ ಪಾಪ ಇದು. ನಮ್ಮ ದೇಶದಲ್ಲಿ 1985ರಲ್ಲಿ ಎನ್‌ಡಿಪಿಎಸ್ ಕಾಯ್ದೆ ಬಂತು. ಬಳ್ಳಾರಿ ಯೋಜನೆ ಶುರುವಾದ ವರ್ಷವೇ, ಗಮನಿಸಿ. ಇದರ ಮೇಲೆ ಔಷಧ ನಿಯಮಗಳ ಷೆಡ್ಯೂಲ್ ಎಕ್ಸ್ ಬೇರೆ. ಮಿಥೈಲ್‌ಫೆನಿಡೇಟ್ ಅದರಲ್ಲಿದೆ. ಅದನ್ನು ಮಾರಲು ಮೆಡಿಕಲ್ ಶಾಪಿಗೆ ಮಾಮೂಲು ಲೈಸೆನ್ಸು ಸಾಲದು, ಫಾರಂ 20-ಎಫ್ ಅನ್ನೋ ಬೇರೆ ಲೈಸೆನ್ಸು ಬೇಕು. ಡಾಕ್ಟರ ಚೀಟಿ ಎರಡು ಪ್ರತಿ ಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು, ಮಾಲು ಬೀಗದೊಳಗೆ ಇರಬೇಕು, ರಿಜಿಸ್ಟರ್ ಬರೆಯಬೇಕು. ತಿಂಗಳಿಗೆ ಒಂದೋ ಎರಡೋ ಸ್ಟ್ರಿಪ್ಪು ಹೋಗುವ ಔಷಧಕ್ಕೆ ತಾಲ್ಲೂಕು ಊರಿನ ಅಂಗಡಿಯವನು ಈ ರಗಳೆ ಯಾಕೆ ಹಚ್ಚಿಕೊಳ್ಳುತ್ತಾನೆ? ‘ಆ ಮಾಲು ನಾವು ಇಡೂದಿಲ್ರಿ, ಹುಬ್ಬಳ್ಳಿಗೆ ಹೋಗ್ರಿ’ ಅಂದ ಅಂಗಡಿಯವರ ಮೇಲೆ ನನಗೆ ಸಿಟ್ಟಿಲ್ಲ. ಕಾನೂನಿನ ಮೇಲೂ ಸಿಟ್ಟಿಲ್ಲ, ಈ ಔಷಧ ಅಂಗಡಿಯಲ್ಲಿ ಪೆಪ್ಪರಮೆಂಟಿನ ಹಾಗೆ ಸಿಗಬಾರದು. ಆದರೆ ಬೀಗ ಹಾಕಿದವರು ಕೀಲಿಕೈ ಪ್ರತಿ ತಾಲ್ಲೂಕಿಗೊಂದಾದರೂ ಇಡಬೇಕಿತ್ತು.

ಅಕ್ಕನ ಮಗನ ವಿಷಯ ಹೇಳಿಬಿಡುತ್ತೇನೆ. ಎರಡನೇ ಡಾಕ್ಟರು ಬೇರೆ ಊರಿನವರು, ಮಕ್ಕಳ ಮನೋವೈದ್ಯೆ. ಮುಕ್ಕಾಲು ಗಂಟೆ ಕೂತು ಕೇಳಿದರು, ಶಾಲೆಯ ಮಾಸ್ತರಿಗೂ ಒಂದು ಫಾರಂ ಕಳಿಸಿದರು. ಟಿಕ್ಸ್‌ಗೆ ಮೊದಲು ಗುಳಿಗೆ ಬೇಡ, ಅದನ್ನು ಎತ್ತಿ ತೋರಿಸೋದು, ಬೈಯೋದು ನಿಲ್ಲಿಸಿ ಸಾಕು ಅಂದರು. ಟಿಕ್ಸ್ ಬರುವ ಮೊದಲಿನ ತುಡಿತ ಗುರುತಿಸಿ ಬೇರೆ ಚಲನೆಗೆ ತಿರುಗಿಸುವ ಅಭ್ಯಾಸ ಹೇಳಿಕೊಟ್ಟರು. (2010ರ ಅಮೆರಿಕದ ಪರೀಕ್ಷೆಯೊಂದರಲ್ಲಿ 126 ಮಕ್ಕಳ ಪೈಕಿ ಈ ಅಭ್ಯಾಸ ಮಾಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸುಧಾರಿಸಿದರು.) ಎಡಿಎಚ್‌ಡಿಗೆ ಮಿಥೈಲ್‌ಫೆನಿಡೇಟ್ ಸಣ್ಣ ಡೋಸು. ಅದಾಗದಿದ್ದರೆ ಅಟೊಮೊಕ್ಸೆಟಿನ್ ಇದೆ, ಉತ್ತೇಜಕ ಅಲ್ಲ, ಷೆಡ್ಯೂಲ್ ಎಕ್ಸ್ ಕಾಟ ಇಲ್ಲ, ಆದರೆ ಕೆಲಸ ಮಾಡೋದಕ್ಕೆ ವಾರಗಟ್ಟಲೆ ಬೇಕು ಅಂದರು. ರಕ್ತದೊತ್ತಡಕ್ಕೆ ಕೊಡುವ ಕ್ಲೊನಿಡಿನ್ ಇನ್ನೊಂದು ದಾರಿ, ಆರ್ಕಮಿನ್ ಅಂತ ಸಿಗುತ್ತಲ್ಲ, ಅದು. ದಸರೆಯ ಹೊತ್ತಿಗೆ ಟಿಕ್ಸ್ ಏರಿತು, ಅಕ್ಕ ಹೆದರಿದಳು, ಡಾಕ್ಟರು ಕಾಯೋಣ ಅಂದರು, ದೀಪಾವಳಿಗೆ ಇಳಿಯಿತು. ಹೋಂವರ್ಕು ಮುಗಿಸುತ್ತಾನೆ. ಉಡಾಳತನ ಪೂರ್ತಿ ಹೋಗಿಲ್ಲ, ಹೋಗೋದೂ ಬೇಡ.

ಆದರೆ ಒಂದು ಕಷ್ಟ ಆಯಿತು, ಹಸಿವು. ಮಧ್ಯಾಹ್ನ ಬಿಸಿಯೂಟದ ತಾಟು ಮುಟ್ಟುತ್ತಿರಲಿಲ್ಲ. ಇದು ಈ ಗುಳಿಗೆಯ ಎಲ್ಲರಿಗೂ ಗೊತ್ತಿರುವ ಅಡ್ಡ ಪರಿಣಾಮ. ನಿದ್ದೆ ತಡವಾಗೋದು, ನಾಡಿ ಬಡಿತ ಸ್ವಲ್ಪ ಏರೋದು, ವರ್ಷಗಟ್ಟಲೆ ತಗೊಂಡರೆ ಎತ್ತರ ಒಂಚೂರು ಕಡಿಮೆಯಾಗೋದು ಕೂಡ ಇದೆ. ಅಮೆರಿಕದಲ್ಲಿ ಕೂತು ಬರೆಯುವವರಿಗೆ ಹಸಿವು ಸಣ್ಣ ವಿಷಯ. ಮಕ್ಕಳ ಅಪೌಷ್ಟಿಕತೆಯ ಸುದ್ದಿಯಲ್ಲಿ ಪದೇ ಪದೇ ಹೆಸರು ಬರುವ ನಮ್ಮ ಜಿಲ್ಲೆಯಲ್ಲಿ, ತೂಕದ ಪಟ್ಟಿ ನೋಡದೆ ಈ ಗುಳಿಗೆ ಬರೆಯುವ ಡಾಕ್ಟರು ಅರ್ಧ ಡಾಕ್ಟರೇ ಸರಿ. ನಮ್ಮ ಡಾಕ್ಟರು ಹೇಳಿದ ಉಪಾಯ ಸರಳ. ಬೆಳಿಗ್ಗೆ ರೊಟ್ಟಿ, ಹಾಲು ಹೊಟ್ಟೆ ತುಂಬ ಮೊದಲು, ಗುಳಿಗೆ ಆಮೇಲೆ. ರಾತ್ರಿ ಹಸಿವು ತಿರುಗಿ ಬಂದಾಗ ಇನ್ನೊಂದು ಊಟ. ತಿಂಗಳಿಗೊಮ್ಮೆ ತೂಕ.

ಇನ್ನೊಂದು ಕಷ್ಟ ಯಾವ ವಿದೇಶಿ ಪುಸ್ತಕದಲ್ಲೂ ಇಲ್ಲ, ಗುಳೆ. ಗಂಗಾವತಿಗೆ ಕಾಲುವೆ ನೀರಿದೆ, ಭತ್ತ ಇದೆ, ರೈಸ್ ಮಿಲ್ಲಿದೆ. ಕುಷ್ಟಗಿ, ಯಲಬುರ್ಗಾದ್ದು ಹೆಚ್ಚಿಗೆ ಮಳೆ ನಂಬಿದ ಭೂಮಿ. ಮಳೆ ಕೈ ಕೊಟ್ಟರೆ ಮಂಗಳೂರು, ಗೋವಾ, ಬೆಂಗಳೂರು ಅಂತ ಗಂಟು ಕಟ್ಟುತ್ತಾರೆ. ತಿಂಗಳು ತಿಂಗಳು ಹೊಸ ಚೀಟಿ, ಅದೂ ಎರಡು ಪ್ರತಿ ಬೇಕಾದ ಔಷಧ, ಸಿಮೆಂಟು ಕಲಸುವ ಜಾಗದಲ್ಲಿ ತಗಡಿನ ಶೆಡ್ಡಿನಲ್ಲಿರುವ ಹುಡುಗನಿಗೆ ಹೇಗೆ ತಲುಪಬೇಕು? ಉಡಾಳ ಅನ್ನಿಸಿಕೊಂಡ ಹುಡುಗನೇ ಮೊದಲು ಶಾಲೆ ಬಿಡುವವನು, ಗುಳೆ ಗಂಟಿನ ಜೊತೆ ಮೊದಲು ಹೊರಡುವವನೂ ಅವನೇ.

ಸರಕಾರದ ಕಡೆಯಿಂದ ಏನೂ ಇಲ್ಲ ಅನ್ನೋ ಹಾಗಿಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಸರಕಾರಿ ಶಾಲೆಗೆ ವರ್ಷಕ್ಕೊಮ್ಮೆ ಬಂದು ಮಕ್ಕಳನ್ನು ನೋಡಬೇಕು. ಅವರು ಹುಡುಕಬೇಕಾದ 30 ತೊಂದರೆಗಳ ಪಟ್ಟಿಯಲ್ಲಿ 29ನೆಯದು ಎಡಿಎಚ್‌ಡಿ. ಹಲ್ಲು, ಕಣ್ಣು, ಕಿವಿ, ರಕ್ತಹೀನತೆ ಎಲ್ಲ ಮುಗಿದು 29ನೇ ನಂಬರಿಗೆ ಬರುವಷ್ಟರಲ್ಲಿ ಊಟದ ಗಂಟೆ ಹೊಡೆದಿರುತ್ತೆ ಅನ್ನೋದು ನನ್ನ ಗುಮಾನಿ :) 2014ರಲ್ಲಿ ರಾಜ್ಯ ಸರಕಾರ ಮನೋಚೈತನ್ಯ ಅಂತ ಮಾಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುವ ವ್ಯವಸ್ಥೆ ತಂದಿತು. ಧಾರವಾಡದ ಹೆಸರೆತ್ತದೆ ತೋರಿಸಿಕೊಂಡು ಬರಬಹುದು, ಅಜ್ಜಿಯನ್ನು ಒಪ್ಪಿಸೋದಕ್ಕೆ ಇದೇ ಸಾಕು. 2015ರಲ್ಲಿ ಕೊಪ್ಪಳಕ್ಕೇ ಮೆಡಿಕಲ್ ಕಾಲೇಜು ಬಂತು. 2022ರಿಂದ ಟೆಲಿ-ಮಾನಸ್ ಇದೆ, 14416ಕ್ಕೆ ಫೋನು ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ರೈಲು ಬಂತು, ಹುಬ್ಬಳ್ಳಿಗೆ ಗುಳಿಗೆ ತರಲು ಬಸ್ಸಿನಲ್ಲಿ ಸೊಂಟ ಮುರಿದುಕೊಳ್ಳೋದಾದರೂ ತಪ್ಪಿತು. ಇನ್ನೊಂದು ಕಡೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ತೊಂದರೆಗಳ ಪಟ್ಟಿಯಲ್ಲಿ ಕಲಿಕೆಯ ತೊಂದರೆ ಇದೆ, ಎಡಿಎಚ್‌ಡಿ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಗೆ ಮಿಥೈಲ್‌ಫೆನಿಡೇಟ್ ಸೇರಿಸಿ ಅಂತ ಅರ್ಜಿ ಹೋದಾಗ 2019ರಲ್ಲೂ, 2021ರಲ್ಲೂ ಬೇಡ ಅಂದರು.

ಆ ‘ಬೇಡ’ಕ್ಕೂ ಕಾರಣ ಇಲ್ಲದಿಲ್ಲ. ದೀರ್ಘ ಕಾಲದ ಪುರಾವೆ ಗಟ್ಟಿಯಾಗಿಲ್ಲ ಅನ್ನೋದು ಅವರ ಆಕ್ಷೇಪಗಳಲ್ಲಿ ಒಂದು. 1999ರಲ್ಲಿ ಅಮೆರಿಕದಲ್ಲಿ 579 ಮಕ್ಕಳ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ, 14 ತಿಂಗಳ ಕೊನೆಗೆ ಗುಳಿಗೆಯವರು ಚೆನ್ನಾಗಿ ಮುಂದಿದ್ದರು. ಮೂರು ವರ್ಷದ ಹೊತ್ತಿಗೆ ಆ ಅಂತರ ಕರಗಿತ್ತು. ಹಾಗಂತ ಮೂರು ವರ್ಷ ಸಣ್ಣ ಅವಧಿಯೇ? ನಮ್ಮ ಕಡೆ ಐದನೇ ಇಯತ್ತೆಯಿಂದ ಎಂಟನೇ ಇಯತ್ತೆಗೆ ಬರುವ ಆ ಮೂರು ವರ್ಷದಲ್ಲೇ ಹುಡುಗ ಶಾಲೆಯಲ್ಲಿ ಉಳಿಯುತ್ತಾನೋ ಇಲ್ಲವೋ ಅನ್ನೋದು ತೀರ್ಮಾನ ಆಗುತ್ತೆ.

ನಿಮ್ಮಲ್ಲಿ ಗಂಗಾವತಿ, ಕೊಪ್ಪಳದ ಕಡೆಯವರು ಇದ್ದರೆ, ಅದರಲ್ಲೂ ಔಷಧಿ ವ್ಯಾಪಾರದವರು ಇದ್ದರೆ, 20-ಎಫ್ ಲೈಸೆನ್ಸು ಇರುವ ಅಂಗಡಿ ಯಾವ ಊರಲ್ಲಿದೆ ಅಂತ ಕೆಳಗೆ ಒಂದು ಸಾಲು ಬರೆಯಿರಿ. ಕೇಳುತ್ತಿರುವವಳು ನಮ್ಮ ಅಕ್ಕ ಒಬ್ಬಳೇ ಅಲ್ಲ, ಅದೇ ಹುಬ್ಬಳ್ಳಿ ರೈಲಿನಲ್ಲಿ ಅವಳಿಗೆ ಇನ್ನಿಬ್ಬರು ತಾಯಂದಿರು ಸಿಕ್ಕಿದ್ದರಂತೆ, ಒಬ್ಬರು ಯಲಬುರ್ಗಾದವರು, ಒಬ್ಬರು ತಾವರಗೇರಿಯವರು.